ನೀರುಗಂಟಿ ಮುತ್ತಜ್ಜನನ್ನು ಯಾವ ದಫ್ತರದಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನನ್ನ ತಾತನ ಅಪ್ಪ ಊರ ಕೆರೆಯ ನೀರುಗಂಟಿ ಆಗಿದ್ದರಂತೆ. ಅವರಿಗಿಂತ ಹಿಂದಿನವರು ಯಾವುದೋ ಬರಗಾಲದಲ್ಲಿ ಬೇರೆ ಕಡೆಯಿಂದ ಬಂದು ಇಲ್ಲಿ ನಿಂತರು ಎಂದು ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಉಳಿದಿರುವುದು ಒಂದೇ ಒಂದು ಹಳೆಯ ಛಾಪಾಕಾಗದ (ಸ್ಟಾಂಪ್ ಪೇಪರು). ಅದರಲ್ಲಿ ‘ಧಾತು ಸಂ॥’ ಎಂಬುದು, ‘ಬಿನ್’, ‘ಕೋಂ’ ಎಂಬ ಮಾತುಗಳು ಓದಲು ಬರುತ್ತವೆ, ಉಳಿದದ್ದು ಬರುವುದಿಲ್ಲ. ನಮ್ಮದು ದಲಿತ ಕುಟುಂಬ, ಓದುಬರಹ ಬಂದದ್ದು ನಮ್ಮಪ್ಪನ ಕಾಲಕ್ಕೆ. ನಮ್ಮಂಥವರ ಹಿರಿಯರ ಬದುಕು, ಕಸಬು ತಿಳಿಯಲು ದಾಖಲೆ ಅಂತ ಏನಾದರೂ ಇರುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಇರುತ್ತದೆ. ಅಜ್ಜಿ ಹೇಳಿದ ನೀರುಗಂಟಿಕೆಯ ಮಾತು ನಿಜವಾಗಿದ್ದರೆ ನಿಮ್ಮ ಮುತ್ತಜ್ಜ ಸರ್ಕಾರದ ಪುಸ್ತಕದಲ್ಲಿ ಸಿಗುವ ಸಾಧ್ಯತೆ ಬಹಳ ಹೆಚ್ಚು. ಎಷ್ಟೋ ಸಲ ಊರಿನ ನಡುಮಟ್ಟದ ರೈತನಿಗಿಂತ ಊರ ಚಾಕರಿ ಮಾಡಿದವನ ವಿವರವೇ ಹೆಚ್ಚು ಸಿಗುತ್ತದೆ. ಅದಕ್ಕೆ ಕಾರಣ ಇದೆ.

ಯಾರ ಮಗ ಯಾರು ಎಂದು ನೆನಪಿಡುವುದಕ್ಕಾಗಿ ಹಳೆ ಮೈಸೂರಿನ ಯಾವ ಸರ್ಕಾರವೂ ಪುಸ್ತಕ ಇಟ್ಟಿರಲಿಲ್ಲ. ಕಂದಾಯ ಯಾರಿಂದ ಬರಬೇಕು, ಯಾವ ಜಮೀನಿಗೆ ಕಂದಾಯ ಮಾಫಿ, ಏತಕ್ಕಾಗಿ ಮಾಫಿ ಎಂದು ತಿಳಿಯಲು ಇಟ್ಟಿದ್ದವು. ಆದ್ದರಿಂದ ಬರೀ ಹೆಸರು ಹಿಡಿದು ಕಚೇರಿಗೆ ಹೋದವರು ಬರಿಗೈಯಲ್ಲಿ ಬರುತ್ತಾರೆ, ಸರ್ವೆ ನಂಬರು ಹಿಡಿದು ಹೋದವರಿಗೆ ಹೆಸರು, ಅಪ್ಪನ ಹೆಸರು, ಕಸಬು ಎಲ್ಲ ಅದರ ಹಿಂದೆಯೇ ಬರುತ್ತವೆ. ನನ್ನ ಉತ್ತರದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ: ಮೊದಲು ನೆಲ, ಆಮೇಲೆ ಮನುಷ್ಯ.

ನೀರುಗಂಟಿಯ ಕೆಲಸ ಏನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ದಾಖಲೆ ಎಲ್ಲಿ ಹುಟ್ಟಿತು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಕೆರೆಯ ತೂಬು ಎತ್ತುವುದು, ಇಳಿಸುವುದು ಅವರ ಕೈಯಲ್ಲಿತ್ತು. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು, ಕಾಲುವೆಯ ಹೂಳು ತೆಗೆಯುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ತಿರುಗಿ ಎಲ್ಲಾದರೂ ಒಸರುತ್ತಿದೆಯೇ ಎಂದು ನೋಡುವುದು, ಕೋಡಿ ಬಿದ್ದರೆ ಊರಿಗೆ ಹೇಳುವುದು. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಎಷ್ಟು ಗದ್ದೆಗೆ ನಾಟಿ ಮಾಡಬಹುದು ಎಂಬ ಅಂದಾಜಿಗೂ ಊರ ಗೌಡ ಅವರನ್ನೇ ಕೇಳಬೇಕಿತ್ತು. ಕೋಲಾರ, ತುಮಕೂರು ಕಡೆಯ ಬಹಳಷ್ಟು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿದೆ. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನೇ ಪಕ್ಷಪಾತ ಮಾಡದೆ ನೀರು ಹಂಚುತ್ತಾನೆ ಎಂಬ ಮಾತನ್ನು ಹಳ್ಳಿಗಳಲ್ಲಿ ಇವತ್ತಿಗೂ ಕೇಳಬಹುದು. ಎಷ್ಟು ದೊಡ್ಡ ವಿದ್ಯೆ ಇದು! ಕಾಗದ ಪೆನ್ಸಿಲಿಲ್ಲದೆ ಒಂದು ಕೆರೆಯ ನೀರಿನ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡವರ ಮೊಮ್ಮಕ್ಕಳು ‘ನಮ್ಮವರಿಗೆ ಓದುಬರಹ ಬರುತ್ತಿರಲಿಲ್ಲ’ ಎಂದು ಸಂಕೋಚದಿಂದ ಹೇಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ.

ಈ ಕೆಲಸಕ್ಕೆ ಸಂಬಳ ಎರಡು ರೂಪದಲ್ಲಿ ಸಿಗುತ್ತಿತ್ತು. ಒಂದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತರುವ ಆಯ. ತಳವಾರ, ತೋಟಿ, ಬಡಗಿ, ಕಮ್ಮಾರ, ಮಡಿವಾಳ, ಕ್ಷೌರಿಕ, ಪಂಚಾಂಗದವರು ಎಂದು ಊರಿನ ಆಯಗಾರರೆಲ್ಲರಿಗೂ ರಾಶಿಯಲ್ಲಿ ಪಾಲಿತ್ತು, ನೀರುಗಂಟಿಗೂ ಇತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣದಲ್ಲಿ ರಾಶಿ ಹೇಗೆ ಹಂಚಿಕೆಯಾಗುತ್ತಿತ್ತು, ಯಾರಿಗೆ ಎಷ್ಟು ಅಳತೆ ಸಲ್ಲುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ಶಿರಾದ ಮೇಲೂ ಅವನು ಹಾದುಹೋಗಿದ್ದಾನೆ. ನಿಮ್ಮ ಹಿರಿಯರ ಹೆಸರು ಅಲ್ಲಿ ಸಿಗುವುದಿಲ್ಲ, ಆದರೆ ಅವರು ಸುಗ್ಗಿಯಲ್ಲಿ ಏನು ಹೊತ್ತು ಮನೆಗೆ ಬರುತ್ತಿದ್ದರು ಎಂಬ ಚಿತ್ರ ಸಿಗುತ್ತದೆ. ಇನ್ನೊಂದು, ಕಂದಾಯ ಪೂರ್ತಿ ಮಾಫಿಯಾದ ಅಥವಾ ಕಡಿಮೆ ಕಂದಾಯದ ತುಂಡು ಭೂಮಿ: ನೀರುಗಂಟಿ ಮಾನ್ಯ, ನೀರುಗಂಟಿ ಇನಾಂತಿ. ನಮಗೆ ಬೇಕಾದದ್ದು ಈ ಎರಡನೆಯದು. ಕಣದ ಆಯ ತಿಂದು ಮುಗಿಯಿತು, ಮಾನ್ಯದ ಜಮೀನು ಮಾತ್ರ ಲೆಕ್ಕದಲ್ಲಿ ಉಳಿಯಿತು.

ಹಾಗಾದರೆ ಊರಿಗೆ ಹೋಗಿ. ನಿಮ್ಮ ಕೇರಿಯ, ಅದಕ್ಕಿಂತ ಮುಖ್ಯವಾಗಿ ಬೇರೆ ಕೇರಿಗಳ ವಯಸ್ಸಾದವರನ್ನು ಕಂಡು, ಕೆರೆ ಕೆಳಗೆ ಅಥವಾ ಏರಿಯ ಆಸುಪಾಸಿನಲ್ಲಿ ನೀರುಗಂಟಿ ಹೊಲ, ನೀರುಗಂಟಿ ಗದ್ದೆ ಎಂದು ಯಾವುದನ್ನು ಕರೆಯುತ್ತಿದ್ದರು ಎಂದು ಕೇಳಿ. ಈಗ ಅದು ಯಾರ ಕೈಯಲ್ಲಿದ್ದರೂ ಹೊಲದ ಹೆಸರು ಬೇಗ ಅಳಿಯುವುದಿಲ್ಲ. ಅಜ್ಜಿಯ ಓರಗೆಯ ಹೆಂಗಸರು ಇದ್ದರೆ ಅವರ ಜೊತೆ ಒಂದು ಮಧ್ಯಾಹ್ನ ಕೂರಿ. ‘ತಾತನ ಕಾಲದಲ್ಲಿ ಏನು ಕೆಲಸ ಮಾಡುತ್ತಿದ್ದರು’ ಎಂಬ ಪ್ರಶ್ನೆಗೆ ‘ಕೂಲಿನಾಲಿ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಅದರ ಬದಲು ಸುಗ್ಗಿಯಲ್ಲಿ ಯಾರ ಕಣಕ್ಕೆ ಹೋಗುತ್ತಿದ್ದರು, ರಾತ್ರಿ ಏರಿಯ ಮೇಲೆ ಮಲಗುತ್ತಿದ್ದವರು ಯಾರು, ತೂಬಿಗೆ ಇಳಿಯುವಾಗ ಗಂಗಮ್ಮನಿಗೆ ಪೂಜೆ ಯಾರು ಮಾಡುತ್ತಿದ್ದರು ಎಂದು ಕೇಳಿ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತೀರಿ ಎಂಬುದನ್ನು ಅದೇ ಕ್ರಮದಲ್ಲಿ ಬರೆದುಕೊಳ್ಳಿ. ಮನೆದೇವರು ಯಾವುದು, ಎಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಇದರ ಬಳಕೆ ಮುಂದೆ ಇದೆ.

ಇನ್ನು ನಿಮ್ಮ ಛಾಪಾಕಾಗದ. ಧಾತು ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಬರುತ್ತದೆ. ನಿಮಗೆ ಸಂಬಂಧಪಡಬಹುದಾದ ಧಾತುಗಳು ಎರಡು: 1876-77 ಮತ್ತು 1936-37. ಯಾವುದು ಎಂದು ತೀರ್ಮಾನಿಸಲು ಕಾಗದದಲ್ಲೇ ಗುರುತುಗಳಿರುತ್ತವೆ. ಶಕವರ್ಷ ಬರೆದಿದ್ದರೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಇಂಗ್ಲಿಷ್ ತಾರೀಖು ಎಲ್ಲಾದರೂ ಇದೆಯೇ, ಹಿಂಬದಿಯಲ್ಲಿ ಸಬ್ ರಿಜಿಸ್ಟ್ರಾರ್ ಮೊಹರು ಇದೆಯೇ, ಜಮೀನನ್ನು ಎಕರೆ-ಗುಂಟೆಯಲ್ಲಿ ಹೇಳಿದೆಯೋ ಬಿತ್ತನೆಗೆ ಬೇಕಾದ ಬೀಜದ ಲೆಕ್ಕದಲ್ಲಿ, ಅಂದರೆ ಕಂಡುಗ-ಕೊಳಗದ ಬೀಜವರಿಯಲ್ಲಿ ಹೇಳಿದೆಯೋ ನೋಡಿ. ಸರ್ವೆ ನಂಬರು, ಎಕರೆ, ಗುಂಟೆ ಇದ್ದರೆ 1860ರ ದಶಕದಲ್ಲಿ ಆರಂಭವಾದ ಕಂದಾಯ ಸರ್ವೆ ನಿಮ್ಮ ಸೀಮೆಗೆ ಬಂದ ಮೇಲಿನದು. ಬರೀ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹೇಳಿ, ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ನಿಲ್ಲಿಸಿದ್ದರೆ ಹಳೆಯದಿರಬಹುದು. ಚೆಕ್ಕುಬಂದಿಯಲ್ಲಿ ಬರುವ ಪಕ್ಕದ ಹೊಲದವರ ಹೆಸರುಗಳನ್ನೂ ಬಿಡಬೇಡಿ. ನಿಮ್ಮವರು ಸಿಗದಿದ್ದಾಗ ಅವರ ನೆರೆಯವರು ಸಿಗುತ್ತಾರೆ, ಅವರ ಪತ್ರದ ಚೆಕ್ಕುಬಂದಿಯಲ್ಲಿ ನಿಮ್ಮವರು ಇರುತ್ತಾರೆ.

ಒಕ್ಕಣೆ ಓದುವುದು ಅಭ್ಯಾಸದಿಂದ ಬರುತ್ತದೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಸಾ॥’ ಎಂದರೆ ವಾಸದ ಊರು, ‘ಉ॥’ ಎಂದರೆ ಉರುಫ್, ಅಂದರೆ ಇನ್ನೊಂದು ಹೆಸರು. ಹಳೆಯ ಪತ್ರಗಳಲ್ಲಿ ಹೆಸರಿನ ಬೆನ್ನಿಗೇ ಜಾತಿ, ಕಸಬು, ವಯಸ್ಸು ಬರೆಯುವ ರೂಢಿಯೂ ಇತ್ತು. ಜಿರಾಯತಿ ಎಂದಿದ್ದರೆ ಬೇಸಾಯ, ನೌಕರಿ ಎಂದಿದ್ದರೆ ಯಾವುದೋ ಚಾಕರಿ. ಕೂಡಕ್ಷರ ಬಿಡಿಸಲಾಗದಿದ್ದರೆ ನಿಮ್ಮ ತಾಲ್ಲೂಕಿನ ಹಳೆಯ ಪತ್ರಬರಹಗಾರರಿಗೆ ತೋರಿಸಿ. ವಯಸ್ಸಾದ ಬರಹಗಾರರು ಇಂಥ ಕೈಬರಹವನ್ನು ಸಲೀಸಾಗಿ ಓದುತ್ತಾರೆ.

ಈಗ ಕಚೇರಿಯ ದಾರಿ. ನೀರುಗಂಟಿ ಹೊಲದ ಸರ್ವೆ ನಂಬರು ಗೊತ್ತಾದ ಮೇಲೆ ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಗಣಕದ ಪಹಣಿ ಸುಮಾರು 2000ದಿಂದ ಈಚಿನದು. ಅದರ ಹಿಂದೆ 1960ರ ದಶಕದ ಕೊನೆಯವರೆಗೆ ಕೈಬರಹದ ಪಹಣಿ. ಅದರಲ್ಲಿ 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 12ನೇ ಕಲಮಿನಲ್ಲಿ ಉತ್ತು ಬಿತ್ತಿದವರ ಹೆಸರು ಇರುತ್ತದೆ. ಜಮೀನು ಇನ್ನೊಬ್ಬರದಾಗಿದ್ದು ಗೇಣಿಗೆ ಮಾಡುತ್ತಿದ್ದ ಹಿರಿಯರು 9ರಲ್ಲಿ ಇರುವುದಿಲ್ಲ, 12ರಲ್ಲಿ ಕಾಣಿಸಿಕೊಳ್ಳುತ್ತಾರೆ. ಎಷ್ಟೋ ಜನ ಇದನ್ನು ನೋಡದೆ ‘ನಮ್ಮವರ ಹೆಸರೇ ಇಲ್ಲ’ ಎಂದು ವಾಪಸು ಬರುತ್ತಾರೆ. ಪಹಣಿಗೂ ಹಿಂದೆ ಹೋದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು, ಅಂದರೆ ಕಚೇರಿಯಲ್ಲಿ ಐ.ಎಲ್., ಆರ್.ಆರ್. ಎನ್ನುವುವು. ಖಾತೆ ಒಬ್ಬರಿಂದ ಒಬ್ಬರಿಗೆ ಏಕೆ ಹೋಯಿತು ಎಂದು ತಿಳಿಯಲು ಮ್ಯುಟೇಷನ್ ರಿಜಿಸ್ಟರು ನೋಡಬೇಕು. ಕ್ರಯ, ವಿಭಾಗ, ಪೌತಿ, ಯಾವುದೆಂದು ಅಲ್ಲಿ ಬರೆದಿರುತ್ತದೆ. ಪೌತಿ ಎಂದಿದ್ದರೆ ಖಾತೆದಾರ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ ಎಂದು ಗೊತ್ತಾಗುತ್ತದೆ, ವಾರಸುದಾರರ ಹೆಸರೂ ಸಿಗುತ್ತದೆ. ಎಲ್ಲಕ್ಕಿಂತ ಹಿಂದಿನವು ಸರ್ವೆ ಇಲಾಖೆಯ ಮೂಲ ಕಾಗದಗಳು: ಟಿಪ್ಪಣಿ (ಹೊಲದ ಅಳತೆಯ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಖೇತುವಾರು ಪತ್ರಿಕೆ (ಹೊಲವಾರು ವಿವರ). ನಡುವೆ ಮರುಸರ್ವೆ ಆಗಿದ್ದರೆ ನಂಬರು ಬದಲಾಗಿರಬಹುದು, ಹಳೆ ನಂಬರು ಯಾವುದು ಎಂದು ಕೇಳಿಕೊಂಡೇ ಮುಂದೆ ಹೋಗಿ. ನಕಲಿಗೆ ಅರ್ಜಿ ಕೊಡುವಾಗ ಗ್ರಾಮ, ಹೋಬಳಿ, ಸರ್ವೆ ನಂಬರು, ಯಾವ ಇಸವಿಯಿಂದ ಯಾವ ಇಸವಿವರೆಗೆ ಎಂದು ಖಚಿತವಾಗಿ ಬರೆಯಿರಿ. ‘ನಮ್ಮ ಹಿರಿಯರ ದಾಖಲೆ ಕೊಡಿ’ ಎಂದು ಬರೆದರೆ ರೆಕಾರ್ಡ್ ರೂಮಿನವರಿಗೆ ಯಾವ ಕಟ್ಟು ಬಿಚ್ಚಬೇಕು ಎಂದೇ ತಿಳಿಯುವುದಿಲ್ಲ.

ಇಷ್ಟೆಲ್ಲದರಿಂದ ಹೆಸರು, ಸಂಬಂಧ ಸಿಕ್ಕಾವು. ಕಸಬು, ಬದುಕು ಸಿಗುವುದು ಮುಂದಿನ ಎರಡು ಕಡೆ. ನಿಮ್ಮ ಸಮಯವನ್ನೆಲ್ಲ ಅಲ್ಲಿ ಹಾಕಿ.

ಮೊದಲನೆಯದು ಇನಾಂ ದಾಖಲೆ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಲೆವಿನ್ ಬೌರಿಂಗ್ ಕಮಿಷನರಾಗಿದ್ದ 1860ರ ದಶಕದಲ್ಲಿ, ಕಂದಾಯ ತಪ್ಪಿಸಿಕೊಂಡಿರುವ ಜಮೀನು ಯಾವುದು, ನಿಜವಾದ ಇನಾಮು ಯಾವುದು ಎಂದು ಊರೂರಿನ ಮಾನ್ಯಗಳ ವಿಚಾರಣೆ ಶುರುವಾಯಿತು. ದೇವಸ್ಥಾನದ ಇನಾಂ, ಬ್ರಾಹ್ಮಣರ ಇನಾಂಗಳ ಜೊತೆಗೆ ಊರ ಚಾಕರಿಯ ಇನಾಂಗಳೂ ಈ ಲೆಕ್ಕಕ್ಕೆ ಬಂದವು. ಅನುಭವದಲ್ಲಿ ಯಾರಿದ್ದಾರೆ, ಯಾವ ಚಾಕರಿಗೆ, ಎಷ್ಟು ಜಮೀನು ಎಂಬುದೇ ಈ ವಿಚಾರಣೆಯ ತಿರುಳು. ನಿಮ್ಮ ಮುತ್ತಜ್ಜನ ಅಪ್ಪನೋ ಅವರಪ್ಪನೋ ಇಲ್ಲಿ ಸಿಕ್ಕರೆ ನಿಮ್ಮ ಹುಡುಕಾಟ ಒಂದೇ ಏಟಿಗೆ ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಈ ಕಾಲದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ನಿಮ್ಮ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮು ಎರಡರಲ್ಲೂ ವಿಚಾರಿಸಿ.

ಎರಡನೆಯದನ್ನು ನಾನು ಇನ್ನೂ ಹೆಚ್ಚು ಒತ್ತಿ ಹೇಳುತ್ತೇನೆ. ವಂಶಪಾರಂಪರ್ಯದ ಊರ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಪಟೇಲ, ಶಾನುಭೋಗರ ಹುದ್ದೆಗಳ ಜೊತೆಗೆ ತೋಟಿ, ತಳವಾರ, ನೀರುಗಂಟಿ ಹುದ್ದೆಗಳೂ ಹೋದವು. ಚಾಕರಿಗೆಂದು ಕೊಟ್ಟಿದ್ದ ಜಮೀನು ಸರ್ಕಾರಕ್ಕೆ ಸೇರಿತು, ಆದರೆ ಹುದ್ದೆಯಲ್ಲಿದ್ದವರು ಅರ್ಜಿ ಹಾಕಿ ಅದನ್ನು ತಮಗೇ ಮರುಮಂಜೂರು ಮಾಡಿಸಿಕೊಳ್ಳಬಹುದಿತ್ತು. ಹಳ್ಳಿಗಳಲ್ಲಿ ಇದನ್ನು ‘ರೀಗ್ರಾಂಟ್’ ಎಂದೇ ಹೇಳುತ್ತಾರೆ. ಆ ಅರ್ಜಿಗಾಗಿ ಅವರು ತಾವು ಯಾರ ವಾರಸುದಾರರು, ಯಾವ ಚಾಕರಿ ಮಾಡುತ್ತಿದ್ದರು, ಅಣ್ಣತಮ್ಮಂದಿರು ಸರದಿಯ ಮೇಲೆ ಹೇಗೆ ಮಾಡುತ್ತಿದ್ದರು ಎಂದು ತಹಶೀಲ್ದಾರರ ಮುಂದೆ ಹೇಳಿಕೆ ಕೊಡಬೇಕಾಗಿತ್ತು. ಕಡತದಲ್ಲಿ ವಂಶವೃಕ್ಷ ಇರುತ್ತದೆ, ಮಹಜರು ಇರುತ್ತದೆ, ಊರಿನ ಹಿರಿಯರ ಸಾಕ್ಷಿ ಇರುತ್ತದೆ, ಕೆಳಗೆ ಹೆಬ್ಬೆಟ್ಟಿನ ಗುರುತು. ಓದುಬರಹ ಬಾರದವರ ಮಾತು ಅವರ ಬಾಯಿಂದ ಬಂದ ಹಾಗೆಯೇ ಕಾಗದಕ್ಕೆ ಇಳಿದಿರುವ ಜಾಗ ನಮ್ಮ ದಫ್ತರಗಳಲ್ಲಿ ಬಹಳ ಕಡಿಮೆ. ಇದು ಅವುಗಳಲ್ಲಿ ಒಂದು. ನಿಮ್ಮ ತಾತನ ಹೆಬ್ಬೆಟ್ಟು ಅಲ್ಲಿರಬಹುದು.

ಅದರ ಜೊತೆಯಲ್ಲೇ ನೋಡಬೇಕಾದದ್ದು ದರಖಾಸ್ತು ಕಡತ. ನಿಮ್ಮ ಕುಟುಂಬಕ್ಕೆ ಯಾವಾಗಲಾದರೂ ಸರ್ಕಾರಿ ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿ ಕೊಟ್ಟಿರುತ್ತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ದರೆ ಅದನ್ನು ವಾಪಸು ಕೊಡಿಸುವ 1978ರ ಕಾಯ್ದೆ ಇದೆ, ಎಲ್ಲರ ಬಾಯಲ್ಲಿ ಪಿ.ಟಿ.ಸಿ.ಎಲ್. ಎಂದಿರುವುದು ಅದೇ. ಆ ಮೊಕದ್ದಮೆ ನಡೆದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯ ಕಡತದಲ್ಲಿ ಮೂಲ ಮಂಜೂರಾತಿಯ ನಕಲು, ಮಂಜೂರುದಾರನ ಸಂಸಾರದ ವಿವರ ಎಲ್ಲ ಒಂದೇ ಕಡೆ ಸಿಗುತ್ತವೆ. ಗೇಣಿದಾರರಾಗಿದ್ದವರಿಗೆ 1974ರ ಭೂಸುಧಾರಣೆಯ 7ನೇ ನಮೂನೆಯ ಅರ್ಜಿ ಹೀಗೆಯೇ ಉಪಯೋಗಕ್ಕೆ ಬರುತ್ತದೆ. ಯಾರ ಜಮೀನು, ಎಷ್ಟು ವರ್ಷದಿಂದ, ಏನು ಬೆಳೆ, ಎಷ್ಟು ಗೇಣಿ ಎಂದು ಆ ಪ್ರಕರಣಗಳಲ್ಲಿ ವಿಚಾರಣೆ ನಡೆದಿರುತ್ತದೆ.

ಹುಡುಕುವಾಗ ಎಲ್ಲರೂ ಎಡವುವ ಒಂದು ಕಲ್ಲಿದೆ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಮಾರ ಬಿನ್ ಸಿದ್ದ, ಅವನ ಮಗ ಸಿದ್ದ ಬಿನ್ ಮಾರ, ಅವನ ಮಗ ಮತ್ತೆ ಮಾರ ಬಿನ್ ಸಿದ್ದ. 1880ರ ಮಾರ ಬಿನ್ ಸಿದ್ದ, 1930ರ ಮಾರ ಬಿನ್ ಸಿದ್ದ ಇಬ್ಬರನ್ನೂ ಒಬ್ಬನೇ ಎಂದುಕೊಂಡರೆ ಎರಡು ತಲೆಮಾರು ಮಾಯವಾಗುತ್ತದೆ. ಒಬ್ಬನನ್ನು ಇಬ್ಬರೆಂದುಕೊಂಡರೆ ಇಲ್ಲದ ತಲೆಮಾರು ಹುಟ್ಟುತ್ತದೆ. ದೊಡ್ಡ ಮಾರ, ಚಿಕ್ಕ ಮಾರ ಎಂಬ ಅಣ್ಣತಮ್ಮಂದಿರೂ ಒಂದೇ ಮನೆಯಲ್ಲಿ ಇರುತ್ತಾರೆ. ಆದ್ದರಿಂದ ಹೆಸರು ಒಂದೇ ಆದ ಮಾತ್ರಕ್ಕೆ ಸೇರಿಸಬೇಡಿ. ಹೆಸರು, ಅಪ್ಪನ ಹೆಸರು, ಸರ್ವೆ ನಂಬರು ಮೂರೂ ಹೊಂದಬೇಕು, ವಯಸ್ಸು ಬರೆದಿದ್ದರೆ ಅದೂ ಸರಿಸುಮಾರು ಹೊಂದಬೇಕು. ಪಕ್ಕಾ ಆಗದ್ದನ್ನು ವಂಶವೃಕ್ಷದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ಹೆಂಗಸರ ಜಾಡು ಹಿಡಿಯುವುದು ಕಷ್ಟ, ಆದರೆ ಬಿಟ್ಟುಬಿಡುವ ಹಾಗಿಲ್ಲ. ಗಂಡ ತೀರಿಕೊಂಡು ಮಕ್ಕಳು ಚಿಕ್ಕವರಿದ್ದಾಗ ಪೌತಿ ಖಾತೆ ಹೆಂಡತಿಯ ಹೆಸರಿಗೆ ಬರುತ್ತದೆ, ಅಲ್ಲಿ ‘ಕೋಂ’ ಕಾಣಿಸುತ್ತದೆ. ಮೈಸೂರಿನಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂದು ವಿಭಾಗದ ಕಾಲಕ್ಕೆ ಹೆಂಗಸರಿಗೂ ಪಾಲು ಸಿಗುವ ಹಾಗಾಯಿತು. ಅಲ್ಲಿಂದೀಚಿನ ವಿಭಾಗಪತ್ರಗಳಲ್ಲಿ ಅವರನ್ನು ಹುಡುಕಿ. ನಿಮ್ಮ ಛಾಪಾಕಾಗದದಲ್ಲಿ ‘ಕೋಂ’ ಇದೆ ಎಂದಿರಿ. ಒಬ್ಬ ಹೆಂಗಸು ಅಲ್ಲಿ ಪಕ್ಷಗಾರಳಾಗಿರಬಹುದು. ಆಕೆ ಜಮೀನು ಕೊಂಡಳೋ, ಒತ್ತೆ ಇಟ್ಟಳೋ, ಸಾಲ ತಂದಳೋ, ಮೊದಲು ಅದನ್ನೇ ಓದಿಸಿ.

ಇನ್ನು ಬರಗಾಲದಲ್ಲಿ ಬಂದವರು ಎಂಬ ಅಜ್ಜಿಯ ಮಾತು. ನಿಮ್ಮ ಕಾಗದ 1876-77ರದ್ದೇ ಆಗಿದ್ದರೆ ಈ ಎರಡೂ ಒಂದಕ್ಕೊಂದು ಕೂಡುತ್ತವೆ. ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆ ಕಂಡ ಅತಿ ಭೀಕರ ಬರ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನ ಬೆಳೆಯದೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಇಳಿದರು. ಇಡೀ ಹಟ್ಟಿಗಳು ಖಾಲಿಯಾದವು. ಉಳಿದವರು ನೀರು, ಕೂಲಿ ಇದ್ದ ಕಡೆಗೆ ನಡೆದರು, ಮಲೆನಾಡಿನ ಕಾಫಿ ತೋಟಗಳಿಗೂ ಹೋದರು. ಬಿಟ್ಟುಹೋದ ಜಮೀನಿಗೆ ಶಾನುಭೋಗರ ಲೆಕ್ಕದಲ್ಲಿ ‘ರಾಜೀನಾಮೆ’ ಎಂದು ಬೀಳುತ್ತಿತ್ತು. ಬರ ಕಳೆದ ಮೇಲೆ ಜನ ಇಲ್ಲದ ಊರುಗಳಲ್ಲಿ ಚಾಕರಿಯ ಹುದ್ದೆಗೆ ಹೊಸಬರು ಬಂದು ನಿಂತಿರುವುದೂ ಉಂಟು. ಹಾಗೆ ಬಂದ ಕುಟುಂಬ ನಿಮ್ಮದಾಗಿದ್ದರೆ 1860ರ ದಶಕದ ಇನಾಂ ಲೆಕ್ಕದಲ್ಲಿ ನಿಮ್ಮೂರಿನ ನೀರುಗಂಟಿ ಬೇರೆ ಮನೆತನದವನಿರುತ್ತಾನೆ. ಅಲ್ಲಿ ನಿಮ್ಮವರು ಸಿಗಲಿಲ್ಲ ಎಂದು ನಿರಾಶರಾಗಬೇಡಿ, ಸಿಗದೆ ಇರುವುದೂ ಅಜ್ಜಿಯ ಮಾತಿಗೆ ಹೊಂದುತ್ತದೆ.

ಎಲ್ಲಿಂದ ಬಂದರು? ಅದಕ್ಕೇ ಮನೆದೇವರ ವಿಷಯ ಕೇಳಿದ್ದು. ಗುಳೆ ಹೋದವರು ಹೊಲ ಬಿಟ್ಟು ಬಂದಾರು, ಮನೆದೇವರನ್ನು ಬಿಡುವುದಿಲ್ಲ. ನಿಮ್ಮ ಕೇರಿಯ ಬೇರೆಯವರೆಲ್ಲ ಹತ್ತಿರದ ದೇವರಿಗೆ ನಡೆದುಕೊಳ್ಳುತ್ತ ನಿಮ್ಮ ಮನೆಯವರು ಮಾತ್ರ ದೂರದ ಯಾವುದೋ ಊರಿನ ಅಮ್ಮನಿಗೆ ಮುಡಿ ಕೊಡುತ್ತಿದ್ದರೆ ಆ ಊರಿಗೆ ಹೋಗಿ ನಿಮ್ಮ ಬೆಡಗಿನವರು (ಒಂದೇ ಕುಲದವರು) ಇದ್ದಾರೆಯೇ ಎಂದು ವಿಚಾರಿಸಿ. ಹೆಣ್ಣು ಕೊಟ್ಟು ತಂದ ಊರುಗಳ ಪಟ್ಟಿಯೂ ಅದೇ ದಿಕ್ಕನ್ನು ತೋರಿಸುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಜನಗಣತಿಯಲ್ಲಿ ಹೆಸರು ಸಿಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಸಿಗುವುದಿಲ್ಲ. ವ್ಯಕ್ತಿಗಳ ವಿವರವನ್ನು 1948ರ ಜನಗಣತಿ ಕಾಯ್ದೆ ಗೋಪ್ಯವಾಗಿಟ್ಟಿದೆ, ಹೊರಗೆ ಬರುವುದು ಒಟ್ಟು ಅಂಕಿ ಮಾತ್ರ.

ಇತ್ತೀಚಿನ ತಲೆಮಾರುಗಳಿಗೆ ಬೇರೆ ಆಸರೆಗಳಿವೆ. ಹಳೆಯ ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ಹುಡುಗನ ಹೆಸರಿನ ಜೊತೆ ಅಪ್ಪನ ಹೆಸರು, ಜಾತಿ ಇರುತ್ತವೆ, ಕೆಲವು ಕಡೆ ಅಪ್ಪನ ಉದ್ಯೋಗವೂ ಇರುತ್ತದೆ. ನಿಮ್ಮ ತಂದೆಯವರ ದಾಖಲಾತಿಯಲ್ಲಿ ತಾತನ ಕಸಬಿನ ಕಲಮು ತುಂಬಿದ್ದಾರೆಯೇ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಸೂಚಿ, ಆಸ್ತಿಯ ಸೂಚಿ ಎಂದು ಎರಡು ಬಗೆ ಇವೆ, ಆಸ್ತಿಯದರಿಂದ ಹೋಗುವುದೇ ಮೇಲು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯ ಮತದಾರರ ಪಟ್ಟಿ ಎಲ್ಲಾದರೂ ಸಿಕ್ಕರೆ ಮನೆಯ ವಯಸ್ಕರೆಲ್ಲ ಒಟ್ಟಿಗೆ ಕಾಣುತ್ತಾರೆ.

ನಿಮ್ಮ ಸೀಮೆಯ ಹೊರಗಿನ ಓದುಗರಿಗೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ 1956ಕ್ಕೆ ಮೊದಲು ಕರ್ನಾಟಕ ಒಂದಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬೈ ಪ್ರಾಂತ್ಯದಲ್ಲಿದ್ದರು. ಅಲ್ಲಿನ ಹಳೆಯ ಕುಲಕರ್ಣಿ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಸಿಗುತ್ತದೆ, ಪೇಶ್ವೆ ಕಾಲದ ಕಾಗದಗಳು ಪುಣೆಯಲ್ಲಿವೆ. ಕಲಬುರಗಿ, ಬೀದರ್, ರಾಯಚೂರಿನವರು ನಿಜಾಮರ ಆಳ್ವಿಕೆಯಲ್ಲಿದ್ದರು, ಫಾರಸಿ, ಉರ್ದು ಓದುವವರ ನೆರವು ಬೇಕು. ಅಲ್ಲಿ ಬರುವ ಫಸಲಿ (ಕಂದಾಯದ ಲೆಕ್ಕದ) ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ದಕ್ಷಿಣ ಕನ್ನಡದವರ ಹಳೆಯ ಕಾಗದ ಬಹುಪಾಲು ಮದರಾಸಿನದು, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕಾದೀತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ನಡೆಸಿತು. ಆ ಸಭೆಗಳಿಗೆ ಸೇರಿದ ಕುಟುಂಬದವರು ಚರ್ಚಿನ ರಿಜಿಸ್ಟರಿನಿಂದ ಶುರು ಮಾಡಬೇಕು. ಉತ್ತರ ಕರ್ನಾಟಕದ ಅನೇಕ ಒಕ್ಕಲು ಮನೆತನಗಳಿಗೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಬಂದು, ಮನೆತನದ ಮೂಲ ಯಾವ ಊರು, ಯಾರಿಗೆ ಎಷ್ಟು ಮಕ್ಕಳು ಎಂದು ತಲೆಮಾರುಗಳ ಹೆಸರು ಹೇಳುವ ಅವರು ಈ ಸಲ ಬಂದಾಗ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿ ಬರೆದುಕೊಳ್ಳಿ. ಗಯಾ, ಹರಿದ್ವಾರದ ಪಂಡರ, ಅಂದರೆ ಅಲ್ಲಿನ ತೀರ್ಥ ಪುರೋಹಿತರ, ವಹಿಗಳಲ್ಲಿಯೂ ಯಾತ್ರೆ ಹೋದ ಹಿರಿಯರ ಹೆಸರು, ಊರು ಇರುತ್ತವೆ.

ಶಾಸನಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ತುಮಕೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಹಳೆಯ ಆವೃತ್ತಿಯ 12ನೇ ಸಂಪುಟದಲ್ಲಿವೆ. ಕೆರೆಯನ್ನು ಕಟ್ಟಿ ಕಾಯುವವರಿಗೆ ಬಿತ್ತುವಟ್ಟ ಎಂದು ಭೂಮಿ ಬಿಡುತ್ತಿದ್ದ ವಿಚಾರ ನಮ್ಮ ಶಾಸನಗಳಲ್ಲಿ ಹೇರಳವಾಗಿ ಬರುತ್ತದೆ. ನಿಮ್ಮೂರ ಕೆರೆಯ ಶಾಸನ ಸಿಕ್ಕರೆ ಸಂತೋಷಪಟ್ಟು ಓದಿ. ಆ ಕೆಲಸ ಎಷ್ಟು ಹಳೆಯದು ಎಂದು ತಿಳಿಯುತ್ತದೆ. ಆದರೆ ಅದರಲ್ಲಿರುವ ಹೆಸರಿಗೆ ನಿಮ್ಮ ವಂಶವನ್ನು ಜೋಡಿಸಬೇಡಿ. ನಡುವಿನ ಐದಾರು ನೂರು ವರ್ಷಕ್ಕೆ ಕೊಂಡಿ ಇಲ್ಲ.

ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೋಗಬೇಕಾದ ವಿಷಯವೂ ಇದೆ. ಹಳೆಯ ಕಡತಗಳು ನಿಮ್ಮ ಹಿರಿಯರನ್ನು ಏಕವಚನದಲ್ಲಿ, ಇವತ್ತು ಯಾರೂ ಆಡಬಾರದ ಜಾತಿಸೂಚಕ ಮಾತಿನಲ್ಲಿ ಕರೆದಿರುತ್ತವೆ. ಮದುವೆಗೆ ಮಾಡಿದ ಸಣ್ಣ ಸಾಲಕ್ಕೆ ಮಗನನ್ನು ಜೀತಕ್ಕೆ ಬಿಟ್ಟ ಪತ್ರ ಸಿಗಬಹುದು. ಜೀತ ಪದ್ಧತಿ ಕಾನೂನಿನಿಂದ ರದ್ದಾದದ್ದು 1976ರಲ್ಲಿ, ಬಿಡುಗಡೆ ಪತ್ರಗಳ ಕಡತಗಳೂ ತಾಲ್ಲೂಕಿನಲ್ಲಿ ಇರುತ್ತವೆ. ಕಂಡದ್ದನ್ನು ಕಂಡ ಹಾಗೆಯೇ ನಕಲು ಮಾಡಿಕೊಳ್ಳಿ, ಒಂದಕ್ಷರ ತಿದ್ದಬೇಡಿ. ನಿಮ್ಮ ಮನೆಯ ಪುಸ್ತಕ ಬರೆಯುವಾಗ ಮಾತ್ರ ಅವರನ್ನು ಬಹುವಚನದಲ್ಲೇ ಬರೆಯಿರಿ. ಆ ಗೌರವ ಅವರಿಗೆ ಸಲ್ಲಬೇಕಾದದ್ದು, ಕೊಡುವ ಹಕ್ಕು ನಿಮಗಿದೆ.

ಈ ವಾರ ಮಾಡಬೇಕಾದ ಕೆಲಸ ಇಷ್ಟು. ಛಾಪಾಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಮಡಿಕೆಗೆ ಅಂಟುಪಟ್ಟಿ ಹಚ್ಚಬೇಡಿ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದು, ಮೂಲವನ್ನು ಬಿಡಿಸಿ ಚಪ್ಪಟೆಯಾಗಿ ಒಣಗಿದ ಹತ್ತಿ ಬಟ್ಟೆಯಲ್ಲಿಡಿ. ಅದನ್ನು ಓದಿಸಿದಾಗ ಸರ್ವೆ ನಂಬರು ಇದೆ ಎಂದಾದರೆ ನೇರವಾಗಿ ಶಿರಾ ತಾಲ್ಲೂಕು ಕಚೇರಿಗೆ ಹೋಗಿ, ಆ ನಂಬರಿನ ರೀಗ್ರಾಂಟ್ ಕಡತ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲ ಎಂದರೆ ಕೈಬರಹದ ಪಹಣಿ, ಮ್ಯುಟೇಷನ್ ನಕಲಿಗೆ ಅರ್ಜಿ ಕೊಡಿ. ಸರ್ವೆ ನಂಬರು ಇಲ್ಲದೆ ಚೆಕ್ಕುಬಂದಿ ಮಾತ್ರ ಇದ್ದರೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ನಿಂತು, ಕಾಗದದ ನಾಲ್ಕು ದಿಕ್ಕುಗಳನ್ನು ಕಣ್ಣಮುಂದಿನ ನೆಲಕ್ಕೆ ಹೊಂದಿಸಿ ನೋಡಿ. ಯಾವ ಹೊಲ ಎಂದು ಗೊತ್ತಾದ ಮೇಲೆ ಗ್ರಾಮದ ನಕಾಶೆಯಲ್ಲಿ ಅದರ ನಂಬರು ಸಿಗುತ್ತದೆ.